ಅಂಡಮಾನ್: ಜಾಲಿ ಬಾಯ್‌ನಲ್ಲಿ ಸ್ನಾರ್ಕ್ಲಿಂಗ್, ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ – ಕನ್ನಡಕ, ಬಿಪಿ, ವಾಪಸ್ ವಿಮಾನದ ಲೆಕ್ಕ

ಬಸವನಗುಡಿ_ಪಯಣಿಗ:

ಫೆಬ್ರವರಿಯಲ್ಲಿ ಮನೆಮಂದಿ ನಾಲ್ವರು ಅಂಡಮಾನಿಗೆ ಹೊರಟಿದ್ದೇವೆ: ನಾನು, ಹೆಂಡತಿ, 11 ವರ್ಷದ ಮಗಳು, 63 ವರ್ಷದ ಅಮ್ಮ. ಭಾನುವಾರ ಮಧ್ಯಾಹ್ನ ಪೋರ್ಟ್ ಬ್ಲೇರ್‌ನಲ್ಲಿ ಇಳಿಯುತ್ತೇವೆ, ಶುಕ್ರವಾರ ಬೆಳಿಗ್ಗೆ 8ಕ್ಕೆ ವಾಪಸ್ ವಿಮಾನ. ಸೋಮವಾರ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಸ್ನಾರ್ಕ್ಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲಿ ನೋಡುವುದು), ಮಂಗಳವಾರ ಹ್ಯಾವ್‌ಲಾಕಿಗೆ ಪ್ರಯಾಣ, ಬುಧವಾರ ಎಲಿಫೆಂಟ್ ಬೀಚ್, ಗುರುವಾರ ಬೆಳಿಗ್ಗೆ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು) ಮುಗಿಸಿ ಮಧ್ಯಾಹ್ನದ ಹಡಗಿಗೆ ಪೋರ್ಟ್ ಬ್ಲೇರ್ ಅಂತ ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ. ಆ ವಾರದ ನಡುವೆಯೇ ಹುಣ್ಣಿಮೆ ಬರುತ್ತದೆ, ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ನನಗೆ ಈಜು ಬರುವುದಿಲ್ಲ, ಎರಡೂ ಕಣ್ಣಿಗೆ ಮೈನಸ್ 4.5 ಪವರ್ ಇದೆ. ಹೆಂಡತಿ, ಮಗಳು ಈಜುತ್ತಾರೆ. ಅಮ್ಮನಿಗೆ ಬಿಪಿ, ಮಾತ್ರೆ ನಡೆಯುತ್ತಿದೆ, ಆದರೆ ನೀರಿಗಿಳಿಯುವ ಆಸೆ ಬಹಳ. ಕನ್ನಡಕವಿಲ್ಲದೆ ನನಗೆ ಏನಾದರೂ ಕಾಣುತ್ತದಾ, ಮಗಳಿಗೆ ಸ್ಕೂಬಾ ಮಾಡಿಸಬಹುದಾ, ವಿಮಾನಕ್ಕೂ ಸ್ಕೂಬಾಕ್ಕೂ ಎಷ್ಟು ಅಂತರ ಬೇಕು, ಸನ್‌ಸ್ಕ್ರೀನ್ ಹಚ್ಚಬಾರದು ಅನ್ನುವುದು ನಿಜವಾ – ಇಷ್ಟು ಗೊತ್ತಾದರೆ ಸಾಕು.

ಭಟ್ಕಳದ_ದೋಣಿ:

ಮೊದಲ ಎಡವಟ್ಟು ಸೋಮವಾರದಲ್ಲೇ ಇದೆ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೋಮವಾರ ರಜೆ, ಅವತ್ತು ದೋಣಿ ಬಿಡುವುದಿಲ್ಲ.

1983ರಲ್ಲಿ ಘೋಷಣೆಯಾದ ಉದ್ಯಾನ ಅದು. 281 ಚದರ ಕಿ.ಮೀ. ವ್ಯಾಪ್ತಿ, ಒಳಗೆ 15 ದ್ವೀಪ. ಅಷ್ಟರಲ್ಲಿ ಪ್ರವಾಸಿಗರಿಗೆ ತೆರೆದಿರುವುದು ಎರಡು, ಅದೂ ಸರದಿಯ ಮೇಲೆ: ಹೆಚ್ಚುಕಮ್ಮಿ ನವೆಂಬರ್‌ನಿಂದ ಮೇವರೆಗೆ ಜಾಲಿ ಬಾಯ್, ಮಳೆಗಾಲದ ಕಡೆಗೆ ರೆಡ್ ಸ್ಕಿನ್. ಹವಳಕ್ಕೂ ಅರ್ಧ ವರ್ಷ ಜನರ ಕಾಟ ತಪ್ಪಲಿ ಅಂತ. ಅರಣ್ಯ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿ, ನಾಲ್ವರ ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ದೋಣಿಗಳು ಬೆಳಿಗ್ಗೆಯೇ ಹೊರಡುತ್ತವೆ. ಪೋರ್ಟ್ ಬ್ಲೇರ್‌ನಿಂದ ವಂಡೂರಿಗೆ ಕಾರಿನಲ್ಲಿ ಒಂದು ಗಂಟೆ ಹಿಡಿಯಿರಿ. ತಿಂಡಿ ಆಮೇಲೆ ತಿಂದರಾಯಿತು ಅಂದುಕೊಂಡರೆ ದೋಣಿ ತಪ್ಪಿತು.

ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿ ನೋಡುತ್ತಾರೆ. ಬಿಸ್ಕತ್ತಿನ ಪೊಟ್ಟಣ, ಪ್ಲಾಸ್ಟಿಕ್ ಕವರ್, ಬಳಸಿ ಬಿಸಾಡುವ ಬಾಟಲ್ ಯಾವುದೂ ದ್ವೀಪಕ್ಕೆ ಹೋಗುವುದಿಲ್ಲ. ಸ್ಟೀಲ್ ಬಾಟಲ್, ಸ್ಟೀಲ್ ಡಬ್ಬಿ, ಬಟ್ಟೆ ಚೀಲ ತನ್ನಿ. ದ್ವೀಪದಲ್ಲಿ ಅಂಗಡಿಯಿಲ್ಲ. ತಲೆಗೆ ಒಂದೂವರೆ ಲೀಟರ್ ನೀರು ಬೇಕೇ ಬೇಕು, ಉಪ್ಪುನೀರು ಬಾಯಿಗೆ ಹೋಗಿ ಹೋಗಿ ದಾಹ ದುಪ್ಪಟ್ಟಾಗುತ್ತದೆ.

ದಿನಗಳನ್ನು ಹೀಗೆ ತಿರುಗಿಸಿ: ಸೋಮವಾರ ಬೆಳಿಗ್ಗೆ ನೇರ ಹ್ಯಾವ್‌ಲಾಕ್, ಮಂಗಳವಾರ ಬೆಳಿಗ್ಗೆ ಸ್ಕೂಬಾ, ಬುಧವಾರ ಬೆಳಿಗ್ಗೆ ಎಲಿಫೆಂಟ್ ಬೀಚ್, ಮಧ್ಯಾಹ್ನದ ಹಡಗಿಗೆ ಪೋರ್ಟ್ ಬ್ಲೇರ್, ಗುರುವಾರ ಜಾಲಿ ಬಾಯ್. ಮಂಗಳವಾರ ಗಾಳಿ ಎದ್ದು ಡೈವ್ ರದ್ದಾದರೂ ಬುಧವಾರ ಕೈಯಲ್ಲಿರುತ್ತದೆ. ಜಾಲಿ ಬಾಯ್ ಕೊನೆಗೆ ಇರುವುದೇ ಒಳ್ಳೆಯದು. ಅಷ್ಟರಲ್ಲಿ ಮಾಸ್ಕು, ಕೊಳವೆ ರೂಢಿಯಾಗಿರುತ್ತದೆ. ಮೊದಲ ಸಲ ಇಳಿಯುವವರು ಗಾಬರಿಯಿಂದ ಕಾಲು ಬಡಿಯುವುದು ಎಲಿಫೆಂಟ್ ಬೀಚಿನ ಮರಳಿನ ಮೇಲೆ ಆಗಲಿ, ಉದ್ಯಾನದ ಹವಳದ ಮೇಲೆ ಬೇಡ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಪೋರ್ಟ್ ಬ್ಲೇರ್ ಕಡೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು 2 ಮೀಟರ್ ವ್ಯತ್ಯಾಸ ಬೀಳುತ್ತದೆ. ನೀರಿನ ಸೆಳೆತ ಜೋರು, ಇಳಿತದಲ್ಲಿ ದಡದ ಹವಳದ ಮೇಲೆ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಉಬ್ಬರ ತುಂಬುವ ಒಂದು ಗಂಟೆ ಮೊದಲಿನಿಂದ ತುಂಬಿ ನಿಂತ ಸ್ವಲ್ಪ ಹೊತ್ತಿನವರೆಗೆ ಸ್ನಾರ್ಕ್ಲಿಂಗಿಗೆ ಪ್ರಶಸ್ತ. ಆಗ ಹೊರಗಿನ ತಿಳಿನೀರು ಒಳಗೆ ಬಂದಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆ ದಿನದ ಉಬ್ಬರ-ಇಳಿತದ ಪಟ್ಟಿ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.

ಇನ್ನೊಂದು ಮಾತು: ಮೊಸಳೆ ಫಲಕ ಇರುವ ಕಡೆ ನೀರಿಗಿಳಿಯಬೇಡಿ. ಅಲ್ಲಿನದು ಉಪ್ಪುನೀರಿನ ಮೊಸಳೆ. 2010ರಲ್ಲಿ ಹ್ಯಾವ್‌ಲಾಕಿನ ರಾಧಾನಗರ ಬೀಚಿನ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾಗಿದ್ದಾರೆ. ಕಾಂಡ್ಲಾ ಕಾಡಿನ ತೊರೆ ಸಮುದ್ರ ಸೇರುವ ಜಾಗ, ಮುಸ್ಸಂಜೆ ಹೊತ್ತು, ಎರಡೂ ಬೇಡ.

ಮುಳುಗು_ಮೇಷ್ಟ್ರು:

ದಿನಗಳ ಲೆಕ್ಕ ಭಟ್ಕಳದವರು ಹೇಳಿದಂತೆಯೇ ಇರಲಿ. ವಿಮಾನದ ನಿಯಮ ಹೀಗೆ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಸಲ ಅಥವಾ ದಿನದ ಮೇಲೆ ದಿನ ಮುಳುಗಿದ್ದರೆ 18 ಗಂಟೆ. ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯ ಅಂಗಾಂಶಗಳಲ್ಲಿ ಕರಗಿರುತ್ತದೆ. ವಿಮಾನದೊಳಗೆ ಗಾಳಿಯ ಒತ್ತಡ ನೆಲಮಟ್ಟದ ಮುಕ್ಕಾಲು ಭಾಗದಷ್ಟೇ ಇರುವುದರಿಂದ ಅದು ಗುಳ್ಳೆಯಾಗಿ ಹೊರಬರಬಹುದು. ನಿಮ್ಮ ಹಳೆಯ ಯೋಜನೆಯಲ್ಲೂ 20 ಗಂಟೆ ಸಿಗುತ್ತಿತ್ತು, ಆದರೆ ಹವೆ ಕೆಟ್ಟು ಡೈವ್ ಮಧ್ಯಾಹ್ನಕ್ಕೆ ಹೋಗಿದ್ದರೆ ಹಡಗೂ ಇಲ್ಲ, ಅಂತರವೂ ಇಲ್ಲ. ಸ್ನಾರ್ಕ್ಲಿಂಗಿಗೆ ಈ ಲೆಕ್ಕ ಬೇಡ, ಅಲ್ಲಿ ನೀವು ಉಸಿರಾಡುವುದು ಮೇಲಿನ ಗಾಳಿಯನ್ನೇ.

ಕಣ್ಣಿನ ವಿಷಯ. ಪವರ್ ಗಾಜು ಹಾಕಿದ ಮಾಸ್ಕ್ ಅರ್ಧ ಪವರಿನ ಹೆಜ್ಜೆಗಳಲ್ಲಿ ರೆಡಿಮೇಡ್ ಸಿಗುತ್ತದೆ. ಮೈನಸ್ 4.5 ಸಿಗದಿದ್ದರೆ ಮೈನಸ್ 4 ತೆಗೆದುಕೊಳ್ಳಿ, ಹೆಚ್ಚಿನದು ಬೇಡ. ನೀರಿನೊಳಗೆ ವಸ್ತು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಅರ್ಧ ಪವರಿನ ಕೊರತೆ ಗೊತ್ತೇ ಆಗುವುದಿಲ್ಲ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವುದು) ಜಾಸ್ತಿ ಇದ್ದರೆ ಮಾತ್ರ ರೆಡಿಮೇಡ್ ಗಾಜಿನಿಂದ ಪ್ರಯೋಜನ ಕಡಿಮೆ. ಒಂದು ದಿನ ಹಾಕಿ ಬಿಸಾಡುವ ಮೃದು ಕಾಂಟ್ಯಾಕ್ಟ್ ಲೆನ್ಸೂ ನಡೆಯುತ್ತದೆ, ಆದರೆ ಮಾಸ್ಕಿಗೆ ನೀರು ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕು, ನೀರಿನಿಂದ ಬಂದ ಮೇಲೆ ಆ ಜೋಡಿ ಎಸೆಯಬೇಕು.

ಮಾಸ್ಕ್ ಆರಿಸುವ ರೀತಿ: ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚಿ, ಕೂದಲು ಹಿಂದೆ ಸರಿಸಿ, ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಇಟ್ಟು ಮೂಗಿನಿಂದ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಷ್ಟು ಹೊತ್ತು ಬೀಳದೆ ಅಂಟಿ ನಿಂತರೆ ಅದು ನಿಮ್ಮ ಮುಖದ್ದು. ಬಾಡಿಗೆ ಅಂಗಡಿಯಲ್ಲಿ ಮೂರು ನಾಲ್ಕು ಇಟ್ಟು ನೋಡಿ, ನಾಚಿಕೆ ಬೇಡ. ಸೋರಿದರೆ ಎಲ್ಲರೂ ಮಾಡುವ ಕೆಲಸ ಪಟ್ಟಿ ಬಿಗಿ ಮಾಡುವುದು. ಅದರಿಂದ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನೂ ಸೋರುತ್ತದೆ. ಸೋರಿಕೆಗೆ ಕಾರಣ ಹೆಚ್ಚಾಗಿ ಅಂಚಿನಡಿ ಸಿಕ್ಕಿದ ಕೂದಲು, ಇಲ್ಲವೇ ಮೀಸೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಅರ್ಧ ತೊಂದರೆ ಹೋಯಿತು. ಪಟ್ಟಿ ಕಿವಿಯ ಮೇಲಲ್ಲ, ಹಿಂದಲೆಯ ಉಬ್ಬಿನ ಮೇಲೆ ಕೂರಬೇಕು.

ಹೊಸ ಮಾಸ್ಕ್ ಕೊಂಡರೆ ಗಾಜಿನ ಒಳಬದಿಗೆ ಬಿಳಿ ಟೂತ್‌ಪೇಸ್ಟ್ (ಜೆಲ್ ಅಲ್ಲ) ಹಚ್ಚಿ ಬೆರಳಿನಿಂದ ಎರಡು ನಿಮಿಷ ಉಜ್ಜಿ ತೊಳೆಯಿರಿ, ಹೀಗೆ ಎರಡು ಮೂರು ಸಲ. ತಯಾರಿಕೆಯ ಜಿಡ್ಡು ಹೋಗದೆ ಯಾವ ಔಷಧಿಯೂ ಮಂಜು ತಡೆಯುವುದಿಲ್ಲ. ಆಮೇಲೆ ಪ್ರತಿ ಸಲ ಒಣಗಾಜಿಗೆ ಉಗುಳು ಸವರಿ, ಒಮ್ಮೆ ಮಾತ್ರ ನೀರಲ್ಲಿ ಅದ್ದಿ ಹಾಕಿಕೊಳ್ಳಿ. ಮೂಗಿನಿಂದ ಉಸಿರು ಬಿಡುವವರ ಮಾಸ್ಕ್ ಏನು ಮಾಡಿದರೂ ಮಂಜು ಕಟ್ಟುತ್ತದೆ.

ಕೊಳವೆಗೆ ನೀರು ಹೊಕ್ಕರೆ ಒಲೆ ಊದಿದ ಹಾಗೆ ಉದ್ದಕ್ಕೆ ಊದಬೇಡಿ, ‘ತು’ ಅಂತ ಒಂದೇ ಏಟಿಗೆ ಊದಿ. ಮುಂದಿನ ಉಸಿರು ನಿಧಾನ ಎಳೆದುಕೊಳ್ಳಿ, ಉಳಿದ ಹನಿ ಗಂಟಲಿಗೆ ಹೋಗುವುದಿಲ್ಲ.

ಸ್ಕೂಬಾಕ್ಕೆ ಬರೋಣ. ಪರಿಚಯದ ಡೈವ್‌ಗೆ 10 ವರ್ಷ ತುಂಬಿದ್ದರೆ ಸಾಕು, ಗರಿಷ್ಠ ಆಳ 12 ಮೀಟರ್. ಈಜು ಬಾರದವರನ್ನೂ ಕರೆದೊಯ್ಯುತ್ತಾರೆ, ತರಬೇತುದಾರ ಸಿಲಿಂಡರಿನ ತಲೆ ಹಿಡಿದೇ ಇರುತ್ತಾನೆ. ಒಬ್ಬರಿಗೆ ಒಬ್ಬ ತರಬೇತುದಾರ ಬೇಕು ಅಂತ ಕಟ್ಟುನಿಟ್ಟಾಗಿ ಕೇಳಿ. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯಾ ಅಂತಲೂ ಕೇಳಿ. ಮುಖ ಸಿಂಡರಿಸಿದರೆ ಬೇರೆ ಕಡೆ ಹೋಗಿ.

ಹೆಚ್ಚಿನ ಜನಕ್ಕೆ ತೊಂದರೆ ಆಗುವುದು ಕಿವಿಯಲ್ಲಿ. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದುಪ್ಪಟ್ಟು, ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅಂದರೆ ದೊಡ್ಡ ಬದಲಾವಣೆ ಮೇಲಿನ ನೀರಿನಲ್ಲೇ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುತ್ತಾ ಉಗುಳು ನುಂಗಿ. ಎರಡೂ ಕಿವಿಯಲ್ಲಿ ‘ಪಟ್’ ಅನ್ನಬೇಕು. ಈಗಿನಿಂದಲೇ ಮನೆಯಲ್ಲಿ ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿ, ಮಗಳಿಗೂ ಮಾಡಿಸಿ. ನೀರಿನಲ್ಲಿ ಅರ್ಧರ್ಧ ಮೀಟರಿಗೆ, ನೋವು ಬರುವ ಮೊದಲೇ ಮಾಡಬೇಕು. ನೋವು ಬಂದ ಮೇಲೆ ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಹೋಗುವ ನಾಳ ಮುಚ್ಚಿಕೊಂಡಿರುತ್ತದೆ, ಆಗ ಜೋರಾಗಿ ಊದಿದರೆ ತಮಟೆಗೇ ಪೆಟ್ಟು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದರೆ ಡೈವ್ ಬಿಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ನೀವು ನೀರಿನಡಿ ಇರುವಾಗಲೇ ಅದರ ಪ್ರಭಾವ ಮುಗಿದರೆ ಮೇಲೆ ಬರುವಾಗ ಗಾಳಿ ಹೊರಬರದೆ ಕಿವಿ ಹಿಂಡುತ್ತದೆ, ಆಗ ಮೇಲೆ ಬರದೆ ಉಪಾಯವೂ ಇಲ್ಲ.

ಉಸಿರು ಹಿಡಿಯಬೇಡಿ, ಯಾವ ಕಾರಣಕ್ಕೂ. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ.

ಇಳಿಯುವ ಮೊದಲು ಗೇಜಿನ ಮುಳ್ಳು ನೋಡುತ್ತಲೇ ನಾಲ್ಕು ಉಸಿರು ಎಳೆಯಿರಿ. ತುಂಬಿದ ಸಿಲಿಂಡರ್ 200 ಬಾರ್ ತೋರಿಸುತ್ತದೆ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲೆ ಏನೂ ಗೊತ್ತಾಗುವುದಿಲ್ಲ, 8 ಮೀಟರಿನಲ್ಲಿ ಗಾಳಿ ಸಾಲದಾಗುತ್ತದೆ. ಹಾಗೆಯೇ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಲ್ಲ, ‘ಮೇಲೆ ಹೋಗೋಣ’. ಫೋಟೋಕ್ಕೆ ಹೆಬ್ಬೆರಳು ತೋರಿಸಿ ಡೈವ್ ಅರ್ಧಕ್ಕೇ ಮುಗಿಸಿಕೊಂಡವರು ಎಷ್ಟೋ ಜನ.

ಬಸವನಗುಡಿ_ಪಯಣಿಗ:

ಸೋಮವಾರದ ವಿಷಯ ಹೇಳಿ ಉಳಿಸಿದಿರಿ, ದಿನಗಳನ್ನು ಬದಲಿಸುತ್ತೇನೆ. ಅಮ್ಮನಿಗೆ ಆನ್‌ಲೈನ್‌ನಲ್ಲಿ ಸಿಗುವ ಮುಖಪೂರ್ತಿ ಮುಚ್ಚುವ ಮಾಸ್ಕ್ ಹೇಗೆ? ಮೂಗಿನಿಂದಲೇ ಉಸಿರಾಡಬಹುದಂತೆ.

ಉಪ್ಪುನೀರು_ಡಾಕ್ಟರ್:

ಅಮ್ಮನಿಗೆ ಅದು ಬೇಡವೇ ಬೇಡ. ಅದರೊಳಗೆ ಖಾಲಿ ಜಾಗ ಜಾಸ್ತಿ. ಒಳಗಿನ ವಾಲ್ವ್ ಸರಿಯಿಲ್ಲದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಏರುತ್ತದೆ. ತಲೆ ಭಾರ, ಏದುಸಿರು, ಗಾಬರಿ ಶುರುವಾಗುತ್ತವೆ. ಆ ಗಾಬರಿಯಲ್ಲಿ ತಲೆಯ ಹಿಂದಿನ ಪಟ್ಟಿ ಬಿಚ್ಚುವುದೂ ಸಲೀಸಲ್ಲ. ಸಾಮಾನ್ಯ ಕೊಳವೆಯಾದರೆ ಬಾಯಿಂದ ಉಗಿದರೆ ಮುಗಿಯಿತು.

ಬಿಪಿ ಇರುವವರ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಮೈ ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಅದರ ಜೊತೆ ಸಣ್ಣ ಕೊಳವೆಯಲ್ಲಿ ಬಲವಾಗಿ ಉಸಿರೆಳೆಯುವುದು, ಸೆಳೆತದ ಎದುರು ಕಾಲು ಬಡಿಯುವುದು ಸೇರಿದರೆ ಶ್ವಾಸಕೋಶದಲ್ಲಿ ಮೈಯೊಳಗಿನದೇ ನೀರು ತುಂಬುವ ಅಪಾಯ ಇರುತ್ತದೆ. ವಯಸ್ಸಾದವರಲ್ಲಿ, ಬಿಪಿ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಹೆಚ್ಚು. ಹೊರಡುವ ಮುಂಚೆ ಅವರ ವೈದ್ಯರನ್ನು ಕೇಳಿ. ಒಪ್ಪಿದರೆ ಎದೆಮಟ್ಟದ ನಿಶ್ಚಲ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿ, ತೇಲುವ ರಿಂಗ್ ಹಿಡಿಸಿ, ಗೈಡ್ ಎಳೆದುಕೊಂಡು ಹೋಗುವ ಹಾಗೆ 15 ನಿಮಿಷ. ಕಾರಣವಿಲ್ಲದ ಕೆಮ್ಮು ಅಥವಾ ಏದುಸಿರು ಕಂಡರೆ ತಕ್ಷಣ ಹೊರಗೆ. ಒಪ್ಪದಿದ್ದರೆ ಜಾಲಿ ಬಾಯ್‌ನ ಗಾಜಿನ ತಳದ ದೋಣಿ ಇದ್ದೇ ಇದೆ. ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸ್ಕೂಬಾ ಅರ್ಜಿಯಲ್ಲಿ ಬಿಪಿ, ಆಸ್ತಮಾ, ಕಿವಿ ಆಪರೇಷನ್ ಮುಚ್ಚಿಟ್ಟು ‘ಇಲ್ಲ’ ಅಂತ ಟಿಕ್ ಹಾಕುವ ಚಾಳಿ ನಮ್ಮವರಲ್ಲಿ ಇದೆ. ಮಾಡಬೇಡಿ.

ಕಿಟ್‌ನಲ್ಲಿ ಬಿಳಿ ವಿನೆಗರ್ ಅರ್ಧ ಲೀಟರ್, ಚಿಮಟ, ಸೋಪು, ಬಿಸಿನೀರಿನ ಫ್ಲಾಸ್ಕ್ ಇರಲಿ. ಬೆಂಕಿ ಹವಳ ತಾಗಿ ಉರಿದರೆ ವಿನೆಗರ್ ಸುರಿಯಿರಿ. ಜೆಲ್ಲಿಫಿಶ್ ತಾಗಿದರೂ ಮೊದಲು ವಿನೆಗರ್. ಸಿಹಿನೀರು ಸುರಿಯುವುದು, ಮರಳಿನಿಂದ ಉಜ್ಜುವುದು ಬೇಡ, ಉಳಿದ ವಿಷಕೋಶಗಳೂ ಸಿಡಿಯುತ್ತವೆ. ಕಲ್ಲುಮೀನು ಅಥವಾ ಸಿಂಹಮೀನಿನ ಮುಳ್ಳು ಚುಚ್ಚಿದರೆ ಮದ್ದು ಬಿಸಿನೀರು: ಸುಮಾರು 45 ಡಿಗ್ರಿ, 30ರಿಂದ 90 ನಿಮಿಷ ಅದ್ದಿಡಬೇಕು. ನೋವಿಲ್ಲದ ಕೈಯನ್ನು ಮೊದಲು ಅದ್ದಿ ಶಾಖ ನೋಡಿ. ಚುಚ್ಚಿಸಿಕೊಂಡ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಪ್ರಥಮ ಚಿಕಿತ್ಸೆ ಮಾಡುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ. ಹವಳ ತರಚಿದ ಗಾಯ ಸಣ್ಣದು ಅಂತ ಬಿಡಬೇಡಿ. ಸೋಪು ನೀರಿನಲ್ಲಿ ಗಟ್ಟಿಯಾಗಿ ತಿಕ್ಕಿ ತೊಳೆಯದಿದ್ದರೆ ಒಳಗುಳಿದ ಚೂರಿನಿಂದ ವಾರಗಟ್ಟಲೆ ಕೀವು.

ಹವಳದ_ಹುಳ:

ಸನ್‌ಸ್ಕ್ರೀನ್ ಪ್ರಶ್ನೆ ಹಾಗೇ ಉಳಿದಿದೆ. ಹವಳಕ್ಕೆ ಹಾನಿ ಅಂತ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ, ಥಾಯ್ಲೆಂಡ್ ಅದೇ ವರ್ಷ ತನ್ನ ಸಾಗರ ಉದ್ಯಾನಗಳಲ್ಲಿ ನಿಷೇಧಿಸಿತು. ಹಿಂಬದಿಯ ಪಟ್ಟಿ ಓದಿ, ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಅದಕ್ಕಿಂತ ಸುಲಭ, ತುಂಬುತೋಳಿನ ಈಜು ಅಂಗಿ ಮತ್ತು ಲೆಗ್ಗಿಂಗ್ಸ್. ಸ್ನಾರ್ಕ್ಲಿಂಗಿನಲ್ಲಿ ಸುಡುವುದು ಬೆನ್ನು, ಕತ್ತಿನ ಹಿಂಭಾಗ, ಮೊಣಕಾಲಿನ ಹಿಂಬದಿ. ಅಷ್ಟನ್ನು ಬಟ್ಟೆ ಮುಚ್ಚಿದರೆ ಕ್ರೀಮು ಮುಖಕ್ಕೆ ಮಾತ್ರ. ಆದರೂ ಹೇಳಿಬಿಡುತ್ತೇನೆ, ಪ್ರವಾಸಿಗರಿಂದ ಹವಳಕ್ಕೆ ಕಣ್ಣೆದುರೇ ಆಗುವ ಹಾನಿ ಕ್ರೀಮಿಗಿಂತ ಕಾಲಿನಿಂದ.

ಮೈ ನೀರಿಗೆ ಅಡ್ಡಲಾಗಿ ಮಲಗಿರಬೇಕು. ಈಜು ಬಾರದವರು ಲೈಫ್ ಜಾಕೆಟ್ ಹಾಕಿದ ಕೂಡಲೇ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತಾರೆ, ಸೈಕಲ್ ತುಳಿದಂತೆ ಕಾಲಾಡಿಸುತ್ತಾರೆ. ಎದ್ದ ಮರಳು ಹವಳದ ಮೇಲೆ ಕೂರುತ್ತದೆ. ಅದನ್ನು ತಳ್ಳಲು ಹವಳ ಲೋಳೆ ಸುರಿಸಬೇಕು, ಲೋಳೆ ಅಂದರೆ ಅದರ ಆಹಾರದ ಖರ್ಚು. ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ತಾಗಿ ಮುರಿದ ಕೊಂಬೆ ಹವಳ ವರ್ಷಕ್ಕೆ ಕೆಲವು ಸೆಂಟಿಮೀಟರ್ ಬೆಳೆದೀತು. ಗುಂಡುಬಂಡೆಯಂಥ ಪೊರೈಟಿಸ್ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಜಾಕೆಟ್ಟಿನ ಎಲ್ಲ ಬಕಲ್ ಹಾಕಿ ಮೈಗೆ ಅಂಟುವಂತೆ ಬಿಗಿ ಮಾಡಿ, ಕೈ ಮುಂದೆ ಚಾಚಿ, ಗದ್ದ ಎದೆ ಕಡೆಗೆ ತನ್ನಿ, ಸೊಂಟದಿಂದ ಕಾಲು ಆಡಿಸಿ. ಹವಳ ಇರುವಲ್ಲಿ ಹೊಟ್ಟೆಯ ಕೆಳಗೆ ಎರಡು ಮೀಟರ್ ನೀರಿಲ್ಲದ ಜಾಗಕ್ಕೆ ಹೋಗಬೇಡಿ. ಸುಸ್ತಾದರೆ ನಿಲ್ಲಬೇಡಿ, ಅಂಗಾತ ತಿರುಗಿ ತೇಲಿ.

ಹೀಗೆ ಅಲ್ಲಾಡದೆ ತೇಲುವವರಿಗೇ ಕಾಣುವುದೂ ಹೆಚ್ಚು. ಒಂದೇ ಪೊರೈಟಿಸ್ ಬಂಡೆಯ ಮೇಲೆ ಹತ್ತು ನಿಮಿಷ ಕಳೆಯಿರಿ. ಬೆರಳುದ್ದದ, ನೀಲಿ ಮೈಗೆ ಕಪ್ಪು ಪಟ್ಟೆಯ ಮೀನೊಂದು ಕುಣಿಯುವ ಹಾಗೆ ಏರಿಳಿಯುತ್ತಿರುತ್ತದೆ, ಅದು ಕ್ಲೀನರ್ ರಾಸ್. ದೊಡ್ಡ ಗಿಳಿಮೀನು ಬಂದು ತಲೆ ಮೇಲಕ್ಕೆ ಮಾಡಿ, ಕಿವಿರು ಅರಳಿಸಿ ನಿಲ್ಲುತ್ತದೆ. ಸಣ್ಣದು ಅದರ ಕಿವಿರಿನೊಳಗೇ ನುಗ್ಗಿ ಪರಾವಲಂಬಿ ಹುಳ ಹೆಕ್ಕುತ್ತದೆ. ಹಿಂದೆ ಎರಡು ಮೂರು ಮೀನು ಸರದಿಗೆ ಕಾದಿರುತ್ತವೆ. ನೀವು ಕೈ ಬೀಸಿದರೆ ಅಂಗಡಿ ಬಂದ್. ಗಿಳಿಮೀನು ಹವಳ ಕೆರೆಯುವ ಸದ್ದೂ ಕಿವಿಗೆ ಬೀಳುತ್ತದೆ. ಬ್ರೆಡ್ ಹಾಕಿ ಮೀನು ಕರೆಸುತ್ತೇನೆ ಅನ್ನುವ ದೋಣಿಯವನಿಗೆ ಬೇಡ ಅನ್ನಿ. ಪಾಚಿ ತಿನ್ನಬೇಕಾದ ಮೀನು ಬ್ರೆಡ್ಡಿಗೆ ಬಿದ್ದರೆ ಹವಳದ ಮೇಲೆ ಪಾಚಿ ಉಳಿಯುತ್ತದೆ.

ಬಿಳಿ ಹವಳ ಕಂಡರೆ ಸತ್ತಿದೆ ಅಂದುಕೊಳ್ಳಬೇಡಿ. ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗುವುದು ಅದರಿಂದ. ಅಂಡಮಾನಿನಲ್ಲಿ 1998, 2010, 2016ರಲ್ಲಿ ಹೀಗಾಗಿದೆ. ಹತ್ತಿರದಿಂದ ನೋಡಿದರೆ ಬಿಳುಚಿದ ಹವಳದ ಮೇಲೆ ಗಾಜಿನಂಥ ತೆಳು ಮಾಂಸ ಇನ್ನೂ ಇರುತ್ತದೆ. ನೀರು ತಣಿದರೆ ಚೇತರಿಸಿಕೊಂಡೀತು. ಕಂದು-ಹಸಿರು ಪಾಚಿ ಬೂಸಲಿನಂತೆ ಹಿಡಿದಿದ್ದರೆ ಸತ್ತಿದೆ.

ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಮಗಳ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಹವಳ ಇದೆ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ.

ಭಟ್ಕಳದ_ದೋಣಿ:

ಇಲ್ಲಿ ಓದುವ ಉಳಿದವರಿಗೆ ಒಂದು ಸೇರಿಸುತ್ತೇನೆ. ಅಂಡಮಾನಿಗೆ ಮೊದಲು ಮುರ್ಡೇಶ್ವರದ ನೇತ್ರಾಣಿಯಲ್ಲಿ ಅಭ್ಯಾಸ ಮಾಡಿಕೊಳ್ಳೋಣ ಅನ್ನುವವರು ಬಹಳ. ಅದು ರಾಷ್ಟ್ರೀಯ ಉದ್ಯಾನವಲ್ಲ, ಕಲ್ಲುಗುಡ್ಡದ ಸುತ್ತ ಹವಳ ಹಿಡಿದಿರುವ ಜಾಗ. ಮೀನು ಧಾರಾಳ, ಮಳೆಗಾಲದಲ್ಲಿ ಪೂರ್ತಿ ಬಂದ್. ದೋಣಿ ಪ್ರಯಾಣ ಒಂದೂವರೆ ಗಂಟೆಯ ಹತ್ತಿರ. ವಾಂತಿ ಮಾತ್ರೆ ದೋಣಿ ಹತ್ತುವ ಒಂದು ಗಂಟೆ ಮುಂಚೆ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಅದೂ ಹೊರಗೇ.

ಮುಳುಗು_ಮೇಷ್ಟ್ರು:

ಆ ಮಾತ್ರೆಯಲ್ಲಿ ನಿದ್ದೆ ಬರಿಸುವವೇ ಹೆಚ್ಚು. ಹಿಂದಿನ ದಿನವೇ ಒಂದು ನುಂಗಿ ಮೈಗೆ ಹೇಗೆ ಅಂತ ನೋಡಿ, ತೂಕಡಿಕೆ ಬಂದರೆ ಸ್ಕೂಬಾದ ದಿನ ಬೇಡ.

ನೇತ್ರಾಣಿಯಲ್ಲಿ ಎಲ್ಲರೂ ಮರೆಯುವ ಲೆಕ್ಕ ಇನ್ನೊಂದಿದೆ. ಬೆಳಿಗ್ಗೆ ಎರಡು ಡೈವ್ ಮಾಡಿ ಸಂಜೆಯೇ ಕಾರು ಹತ್ತಿ ಘಟ್ಟ ಏರುತ್ತಾರೆ. ವಿಮಾನದ ನಿಯಮ ಅನ್ವಯಿಸುವುದು 600 ಮೀಟರ್ ಎತ್ತರದಿಂದಲೇ, ಬೆಂಗಳೂರು ಇರುವುದು ಸುಮಾರು 900 ಮೀಟರಿನಲ್ಲಿ. ಅವತ್ತು ರಾತ್ರಿ ಮುರ್ಡೇಶ್ವರದಲ್ಲೋ ಭಟ್ಕಳದಲ್ಲೋ ಉಳಿದು, ಮರುದಿನ ಬೆಳಗಿನ ತಿಂಡಿ ಮುಗಿಸಿ ಹೊರಡಿ.